ಸೊನ್ನೆ ಸೆಕೆಂಡಿಗೆ ಮುಂಚೆ ಪೈಪಿನಲ್ಲಿ ಏನಿತ್ತು?

ಸಿಮುಲಿಂಕ್ ಅಂದರೆ ಬ್ಲಾಕ್‌ಗಳನ್ನು ಜೋಡಿಸಿ ಕಂಪ್ಯೂಟರಿನಲ್ಲಿ ಮಾದರಿ ಓಡಿಸುವ ಸಾಫ್ಟ್‌ವೇರ್. ಅದರಲ್ಲಿ ಡಿಲೇ ಬ್ಲಾಕ್ (ಒಳಗೆ ಬಂದ ಬೆಲೆಯನ್ನು ಸ್ವಲ್ಪ ಹೊತ್ತು ತಡಮಾಡಿ ಹೊರಗೆ ಬಿಡುವುದು) ಹಾಕುವಾಗ ‘ಇನಿಷಿಯಲ್ ಔಟ್‌ಪುಟ್’ ಅನ್ನೋ ಖಾನೆಯಲ್ಲಿ ಮೊದಲೇ ಸೊನ್ನೆ ಇರುತ್ತದೆ. ಸುಮ್ನೆ ಹಾಗೇ ಬಿಡುವವರೇ ಜಾಸ್ತಿ. ನನ್ನ ಕೆಲಸದಲ್ಲಿ ಆ ಸೊನ್ನೆ ನಡೆಯುವಂತಿರಲಿಲ್ಲ.

ಹುಬ್ಬಳ್ಳಿಯ ಒಂದು ಬಡಾವಣೆಯ ನೀರಿನ ಲೈನ್ ಅನ್ನು ಮನಸ್ಸಿನಲ್ಲಿಟ್ಟು ಮಾದರಿ ಕಟ್ಟುತ್ತಿದ್ದೆ. ಟ್ಯಾಂಕಿನ ಹತ್ತಿರ ಕ್ಲೋರಿನ್ ಹಾಕುತ್ತಾರೆ, ಒಂದು ಕಿಲೋಮೀಟರ್ ಆಚೆ ಅಳೆಯುತ್ತಾರೆ, ಅದನ್ನು ನೋಡಿ ಕಂಟ್ರೋಲರ್ ಡೋಸ್ ಬದಲಿಸುತ್ತದೆ. ಪೈಪಿನ ವ್ಯಾಸ 500 ಮಿಲಿಮೀಟರ್. ಒಳಗೆ ಸುಮಾರು 196 ಘನ ಮೀಟರ್ ನೀರು ಹಿಡಿಯುತ್ತದೆ. ಸೆಕೆಂಡಿಗೆ 0.1 ಘನ ಮೀಟರ್ ಹರಿದರೆ ನೀರು ಆ ತುದಿ ಮುಟ್ಟಲು 33 ನಿಮಿಷ ಬೇಕು, ಹರಿವು ಅರ್ಧಕ್ಕೆ ಇಳಿದರೆ 65 ನಿಮಿಷ.

ಮೊದಲ ಸಲ ಬೇಕಂತಲೇ ಸೊನ್ನೆ ಇಟ್ಟು ಓಡಿಸಿದೆ. ಮೊದಲ 33 ನಿಮಿಷ ಮೀಟರಿಗೆ ಕ್ಲೋರಿನ್ನೇ ಕಾಣಲಿಲ್ಲ. ಕಂಟ್ರೋಲರ್ ಗಾಬರಿಯಾಗಿ ಡೋಸ್ ಏರಿಸುತ್ತಾ ಹೋಯಿತು. ಆಮೇಲೆ ಆ ಹೆಚ್ಚುವರಿಯೆಲ್ಲ ಒಟ್ಟಿಗೆ ಬಂದು ಗ್ರಾಫ್ ಮೇಲಕ್ಕೆ ಜಿಗಿಯಿತು. ನಿಜವಾದ ಲೈನಿನಲ್ಲಿ ಹೀಗೆ ಆಗುವುದಿಲ್ಲ. ಪರಿಚಯದ ವಾಲ್ವ್‌ಮನ್ ಒಬ್ಬರಿಗೆ ತೋರಿಸಿದಾಗ ನಕ್ಕರು: ‘ಪೈಪಿನ್ಯಾಗ ಮೊದಲ ನೀರ ಇರತೈತಲ್ರೀ ಸರ, ಖಾಲಿ ಯಾಕ ಹಿಡದೀರಿ?’

ಅಷ್ಟೇ ವಿಷಯ. ಆ ಖಾನೆ ಕೇಳುವುದು ಪೈಪಿನಲ್ಲಿ ಮೊದಲೇ ಇದ್ದ ನೀರು ಎಂಥದ್ದು ಅಂತ. ನಾನು ಲೀಟರಿಗೆ 0.5 ಮಿಲಿಗ್ರಾಂ ಕೊಟ್ಟೆ. ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500 ಕನಿಷ್ಠ 0.2 ಉಳಿದಿರಬೇಕು ಅನ್ನುತ್ತದೆ, ಹಾಗಾಗಿ 0.5 ಅತಿಯೇನಲ್ಲ. ಕಂಟ್ರೋಲರ್‌ನ ಇಂಟಿಗ್ರೇಟರಿಗೂ (ಕೊರತೆಯನ್ನು ಕೂಡಿಸುತ್ತಾ ಹೋಗುವ ಭಾಗ) ಅದಕ್ಕೆ ಹೊಂದುವ ಡೋಸನ್ನೇ ಆರಂಭದ ಬೆಲೆಯಾಗಿ ಕೊಡಬೇಕು. ಒಂದನ್ನು ಸರಿಮಾಡಿ ಇನ್ನೊಂದನ್ನು ಬಿಟ್ಟರೆ ಗ್ರಾಫ್ ಮತ್ತೆ ಕುಣಿಯುತ್ತದೆ.

ಬ್ಲಾಕ್ ಆರಿಸುವಾಗಲೂ ನೋಡಿಕೊಳ್ಳಿ. ‘ವೇರಿಯೇಬಲ್ ಟೈಮ್ ಡಿಲೇ’ ಈ ಕ್ಷಣದ ತಡವನ್ನು ಕಳೆದು ಹಳೆಯ ಬೆಲೆ ಎತ್ತಿಕೊಡುತ್ತದೆ, ಅಷ್ಟೇ. ನೀರು ಪೈಪಿನೊಳಗೆ ಇರುವಾಗಲೇ ಹರಿವು ಬದಲಾದರೆ ಅದು ಲೆಕ್ಕಕ್ಕೆ ಬರುವುದು ‘ವೇರಿಯೇಬಲ್ ಟ್ರಾನ್ಸ್‌ಪೋರ್ಟ್ ಡಿಲೇ’ಯಲ್ಲಿ. ನೀರಿಗೆ ಅದೇ ಸರಿ.

ಆದರೆ ಆ ಖಾನೆಯಲ್ಲಿ ಹಿಡಿಸುವುದು ಬದಲಾಗದ ಬೆಲೆ ಮಾತ್ರ. ರಾತ್ರಿಯಿಡೀ ಡೋಸ್ ಏರಿಳಿದಿದ್ದರೆ ಪೈಪಿನ ಉದ್ದಕ್ಕೂ ಕ್ಲೋರಿನ್ ಒಂದೇ ಸಮ ಇರುವುದಿಲ್ಲ, ಅಲ್ವಾ? ಅದಕ್ಕೆ ಮಾದರಿ ಓಡಲು ಶುರುವಾಗುವ ಹೊತ್ತು, ಅಂದರೆ ಸ್ಟಾರ್ಟ್ ಟೈಮ್, −14400 ಸೆಕೆಂಡ್ ಕೊಟ್ಟು, ನಾಲ್ಕು ಗಂಟೆ ರಾತ್ರಿಯ ಹರಿವಿನಲ್ಲೇ ಓಡಿಸಿದೆ. ಸೊನ್ನೆಗೆ ಬರುವಷ್ಟರಲ್ಲಿ ಪೈಪು ತಾನಾಗಿಯೇ ಸರಿಯಾದ ನೀರಿನಿಂದ ತುಂಬಿರುತ್ತದೆ. ಸೊನ್ನೆಗೆ ಮುಂಚಿನ ಗ್ರಾಫನ್ನು ಕತ್ತರಿಸಿ ಎಸೆದೆ.

‘ಮ್ಯಾಕ್ಸಿಮಮ್ ಡಿಲೇ’, ಅಂದರೆ ಬ್ಲಾಕ್ ಒಪ್ಪುವ ಅತಿ ಹೆಚ್ಚಿನ ತಡ, ಮರೆಯಬೇಡಿ. ಬ್ಲಾಕಿನಲ್ಲಿ ಮೊದಲೇ ಇರುವುದು 10 ಸೆಕೆಂಡ್. ನಮ್ಮ ತಡ ಸಾವಿರಾರು ಸೆಕೆಂಡ್! ದಿನಗಟ್ಟಲೆ ನೀರು ಬಿಡದ ಓಣಿಗಳೂ ನಮ್ಮಲ್ಲಿವೆ, ಪೈಪಿನ ನೀರನ್ನು ಹರಿವಿನಿಂದ ಭಾಗಿಸಿದರೆ ತಾನೇ ತಡ ಸಿಗುವುದು, ಹರಿವು ನಿಂತರೆ ಆ ಭಾಗಾಕಾರವೇ ಕೆಡುತ್ತದೆ. ನಾನು ಹರಿವನ್ನು ಸೆಕೆಂಡಿಗೆ 0.01 ಘನ ಮೀಟರಿಗಿಂತ ಇಳಿಯಲು ಬಿಡಲಿಲ್ಲ, ತಡದ ಮಿತಿಯನ್ನು 20,000 ಸೆಕೆಂಡಿಗೆ ಇಟ್ಟೆ. ನಿಂತ ನೀರಿನಲ್ಲಿ ಕ್ಲೋರಿನ್ ಕಡಿಮೆಯಾಗುತ್ತಾ ಹೋಗುವುದು ಮಾತ್ರ ಈ ಬ್ಲಾಕಿಗೆ ಗೊತ್ತಾಗುವುದಿಲ್ಲ, ಅದನ್ನು ಬೇರೆಯಾಗಿ ಬರೆಯಬೇಕು.