ಬೋರ್ ನೀರು ಎಷ್ಟು ಗಡಸು? ಸೋಪಿನ ಹನಿ ಎಣಿಸಿ ನೋಡಿ

ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣ ಹೆಚ್ಚಿರುವ ನೀರೇ ಗಡಸು ನೀರು. ಮೂರು ಒಂದೇ ಅಳತೆಯ ಬಾಟಲಿ ತಗೊಳ್ಳಿ. ಒಂದಕ್ಕೆ ಬೋರ್‌ವೆಲ್ ನೀರು, ಇನ್ನೊಂದಕ್ಕೆ ಅದೇ ನೀರನ್ನು ಹತ್ತು ನಿಮಿಷ ಕುದಿಸಿ, ಆರಿಸಿ, ಸೋಸಿದ್ದು, ಮೂರನೆಯದಕ್ಕೆ ಮಳೆ ನೀರು, ಎಲ್ಲವೂ 50 ಮಿಲಿ.

ಬಟ್ಟೆ ಸೋಪಿನ ಬಾರ್ ತುರಿದು ಮಳೆ ನೀರಿನಲ್ಲೇ ಕರಗಿಸಿ. ಡಿಟರ್ಜೆಂಟ್ ಪುಡಿ ಬೇಡ, ಅದು ಗಡಸು ನೀರಲ್ಲೂ ನೊರೆ ಕೊಟ್ಟು ಮಕ್ಕಳನ್ನು ದಾರಿ ತಪ್ಪಿಸುತ್ತೆ.

ಈಗ ಡ್ರಾಪರ್‌ನಿಂದ ಐದೈದು ಹನಿ ಹಾಕಿ, ಮುಚ್ಚಿ ಜೋರಾಗಿ ಕುಲುಕಿ. ನೊರೆ ಒಂದು ನಿಮಿಷ ನಿಂತರೆ ಸಾಕು, ಅಲ್ಲಿಯವರೆಗಿನ ಹನಿಗಳನ್ನು ಬರೆದಿಡಿ. ಹನಿ ಹೆಚ್ಚು ಬೇಕಾದಷ್ಟೂ ನೀರು ಗಡಸು. ಮಳೆ ನೀರು ಬೇಗ ನೊರೆ ಕೊಡುತ್ತೆ. ಬೋರ್ ನೀರಲ್ಲಿ ಮೊದಲು ಹಾಲು ಒಡೆದ ಹಾಗೆ ಬಿಳಿ ಚೂರು ತೇಲುತ್ತೆ ನೋಡಿ, ಅದು ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪನ್ನು ಹಿಡಿದುಕೊಂಡಿದ್ದು. ಕುದಿಸಿದ ನೀರಿಗೆ ಹನಿ ಕಡಿಮೆ ಬಿತ್ತಾ? ಹಾಗಿದ್ರೆ ಗಡಸುತನದಲ್ಲಿ ಬೈಕಾರ್ಬನೇಟ್ ಅನ್ನೋ ಲವಣದಿಂದ ಬಂದ ಭಾಗ ಕುದಿಸಿದಾಗ ಪಾತ್ರೆ ತಳದಲ್ಲಿ ಬಿಳಿ ಪದರವಾಗಿ ಕೂತಿದೆ.

ನೊರೆ ಬಂತು ಅಂತ ಸುಮ್ನೆ ಕುಡಿಯೋಕೆ ಹೋಗಬೇಡಿ. ಕೋಲಾರದ ಕಡೆ ಬೋರ್‌ಗಳಲ್ಲಿ ಕಾಡುವ ಫ್ಲೋರೈಡ್ ಈ ಪರೀಕ್ಷೆಗೆ ಸಿಗೋದೇ ಇಲ್ಲ, ಅದಕ್ಕೆ ಬೇರೆ ಕಿಟ್ ಬೇಕು.