13 ಬೈಟ್‌ಗೆ ಒಂದು ಸಂಜೆ: ಆರ್‌ಸಿಎ 1802 ಜೊತೆ ನನ್ನ ಅನುಭವ

ಎಲ್‌ಇಡಿ ಮಿನುಗಲೇ ಇಲ್ಲ. ಇದ್ದದ್ದು 13 ಬೈಟ್‌ನ ಪುಟ್ಟ ಪ್ರೋಗ್ರಾಂ. ಒಂದೊಂದು ಬೈಟ್‌ಗೂ ಎಂಟು ಸ್ವಿಚ್ ಮೇಲೆ-ಕೆಳಗೆ ಮಾಡಿ, ಬಟನ್ ಒತ್ತಿ ಮೆಮೊರಿಗೆ ತುಂಬಿದ್ದೆ. ಮೂರು ಸಲ ತುಂಬಿದೆ. ಮೂರು ಸಲವೂ ಅದೇ ಕಥೆ.

ನಾನು ಕಟ್ಟುತ್ತಿದ್ದದ್ದು ಕಾಸ್ಮ್ಯಾಕ್ ಎಲ್ಫ್. 1976ರ ಆಗಸ್ಟ್‌ನಲ್ಲಿ ಅಮೆರಿಕದ ಪಾಪ್ಯುಲರ್ ಎಲೆಕ್ಟ್ರಾನಿಕ್ಸ್ ಪತ್ರಿಕೆಯಲ್ಲಿ ಜೋಸೆಫ್ ವೈಸ್‌ಬೆಕರ್ ಬರೆದುಕೊಟ್ಟ, ಮನೆಯಲ್ಲೇ ಜೋಡಿಸುವ ಕಂಪ್ಯೂಟರ್. ಅದನ್ನು ನಡೆಸುವ ಪ್ರೊಸೆಸರ್, ಅಂದರೆ ಆರ್‌ಸಿಎ ಕಂಪನಿಯ 1802 ಚಿಪ್‌ನ ಹಿಂದಿನ ತಲೆಯೂ ಅವರದೇ. ಮೆಮೊರಿ ಬರೀ 256 ಬೈಟ್. ಸ್ವಿಚ್‌ನಲ್ಲಿದ್ದ ಬೈಟನ್ನು ಚಿಪ್ ತಾನೇ ಮೆಮೊರಿಗೆ ಇಳಿಸಿಕೊಳ್ಳುತ್ತದೆ. ಅದಕ್ಕೆ ಬೇರೆ ಪ್ರೋಗ್ರಾಂ ಬೇಡ.

ಮೆಮೊರಿಯನ್ನು ಒಂದೊಂದೇ ಬೈಟ್ ಓದುತ್ತಾ ಹೋದೆ. ಮೊದಲ ಬೈಟ್ 7ಎ (ಬೈಟ್‌ಗಳನ್ನು ಹೀಗೆ ಎರಡು ಅಂಕಿ-ಅಕ್ಷರಗಳಲ್ಲಿ ಬರೆಯುತ್ತಾರೆ) ಸರಿ ಇತ್ತು. ಆಮೇಲೆ ಒಂದೇ ಸಲ ಇರಬೇಕಿದ್ದ ಎಫ್8, ಮತ್ತೆ ಎಫ್8! ಅಗ್ಗದ ಬಟನ್ ಒಳಗೆ ಅದುರಿ ಎರಡು ಸಲ ಒತ್ತಿದಂತೆ ಆಗುತ್ತಿತ್ತು. ಎರಡು ಕಡೆಗೆ ತಾಗುವ ಸ್ವಿಚ್, ಜೊತೆಗೆ ಆ ಅದುರುವಿಕೆ ತಡೆಯಲು 4011 ಅನ್ನುವ ಪುಟ್ಟ ಲಾಜಿಕ್ ಚಿಪ್ ಹಾಕಿದೆ. ದೀಪ ಮಿನುಗಿತು.

ನಂತರ ಚಿಪ್‌ಗೆ ತಾಳ ಕೊಡುವ ಕ್ರಿಸ್ಟಲ್ ಕಿತ್ತು, ಆ ತಾಳವನ್ನೂ (ಕ್ಲಾಕ್) ಬಟನ್‌ನಿಂದ ಕೈಯಲ್ಲೇ ಒತ್ತಿದೆ. ಒಂದು ಆಜ್ಞೆಗೆ 16 ಸಲ. ನಡುವೆ ಎದ್ದು ಕಾಫಿ ಕುಡಿದು ಬಂದರೂ ನಿಂತಲ್ಲೇ ಕಾಯುತ್ತಿತ್ತು. ಆ ಕಾಲದ ಬೇರೆ ಪ್ರೊಸೆಸರ್‌ಗಳಾದ 8080, 6502ಗಳ ಕ್ಲಾಕ್ ಹೀಗೆ ನಿಲ್ಲಿಸಿದರೆ ರಿಜಿಸ್ಟರ್‌ನಲ್ಲಿ (ಚಿಪ್‌ನೊಳಗಿನ ಪುಟ್ಟ ನೆನಪಿನ ಜಾಗ) ಇದ್ದದ್ದೇ ಮರೆತುಹೋಗುತ್ತಿತ್ತು.

ಹಾಗಿದ್ದರೆ ಮನೆ ಕಂಪ್ಯೂಟರ್‌ಗಳಲ್ಲಿ 1802 ಸೋತದ್ದು ಯಾಕೆ? ಸಬ್‌ರೊಟೀನ್ (ಬೇಕಾದಾಗ ಕರೆದು ಬಳಸುವ ಪ್ರೋಗ್ರಾಂ ತುಂಡು) ಬರೆಯಲು ಕೂತಾಗ ಗೊತ್ತಾಯಿತು. ಇದಕ್ಕೆ ಅದನ್ನು ಕರೆಯುವ ಕಾಲ್ ಆಜ್ಞೆಯೇ ಇಲ್ಲ. 16 ರಿಜಿಸ್ಟರ್‌ಗಳಲ್ಲಿ ಯಾವುದು ಪ್ರೋಗ್ರಾಂ ಕೌಂಟರ್ (ಮುಂದಿನ ಆಜ್ಞೆ ಎಲ್ಲಿದೆ ಎಂದು ತೋರಿಸುವುದು) ಅನ್ನುವುದನ್ನೇ ಬದಲಿಸಬೇಕು. ಕೇಳೋಕೆ ಚೆಂದ. ಆದರೆ ಒಂದರೊಳಗೊಂದು ಕರೆಯಬೇಕಾದರೆ, ವಾಪಸ್ ಬರುವ ವಿಳಾಸವನ್ನು ನಾವೇ ಸ್ಟ್ಯಾಕ್‌ಗೆ (ಮೆಮೊರಿಯಲ್ಲಿ ಒಂದರ ಮೇಲೊಂದು ಪೇರಿಸಿಡುವ ಜಾಗ) ತಳ್ಳಬೇಕು. ಎಣಿಸಿ ನೋಡಿದೆ: ಒಂದು ಕಾಲ್‌ಗೆ 16 ಆಜ್ಞೆ, 256 ಕ್ಲಾಕ್. 6502ರಲ್ಲಿ ಅದೇ ಕೆಲಸ 6 ಕ್ಲಾಕ್‌ನಲ್ಲಿ ಮುಗಿಯುತ್ತದೆ. ಅದೂ 1975ರಲ್ಲೇ 25 ಡಾಲರ್‌ಗೆ ಸಿಗುತ್ತಿತ್ತು. ಮನೆ ಕಂಪ್ಯೂಟರ್ ಮಾಡುವವರು ಆ ಕಡೆಗೇ ಹೋದರು, ತಪ್ಪೇನಿಲ್ಲ ಅಲ್ವಾ?

ಕಡಿಮೆ ಕರೆಂಟ್ ಸಾಕು ಅನ್ನುವ ಗುಣ ಮಾತ್ರ ಇದನ್ನು ಬೇರೆ ಕಡೆ ಉಳಿಸಿತು. 1989ರಲ್ಲಿ ಗುರುಗ್ರಹಕ್ಕೆ ಹೊರಟ ಗೆಲಿಲಿಯೋ ನೌಕೆಯಲ್ಲಿ 1802ಗಳಿದ್ದವು. ವಾಯೇಜರ್ ಬಾಹ್ಯಾಕಾಶ ನೌಕೆಗಳಲ್ಲೂ ಇತ್ತು ಅಂತ ಸುಮಾರು ಜನ ಹೇಳ್ತಾರೆ. ಅದು ಸುಮ್ನೆ.

ಕಾಲ್, ರಿಟರ್ನ್ (ವಾಪಸ್ ಬರುವುದು) ಎರಡೂ ಸೇರಿ ನನ್ನ 29 ಬೈಟ್ ತಿಂದಿವೆ. ಉಳಿದದ್ದು 227. ಕರೆಂಟ್ ಹೋದರೆ ಮತ್ತೆ ಮೊದಲಿಂದ ಸ್ವಿಚ್ ಒತ್ತಬೇಕು. ಅದಕ್ಕೇ ಬೋರ್ಡನ್ನು ಯುಪಿಎಸ್‌ಗೆ ಸಿಕ್ಕಿಸಿಟ್ಟಿದ್ದೇನೆ.