ಆಸ್ಪತ್ರೆ ಬಾಕಿಗೆ ಮೂರು ವರ್ಷದ ವಾಯಿದೆ: ಸಹಿ ಹಾಕುವ ಮುನ್ನ ತಾರೀಕು ನೋಡಿ

ದಾವಣಗೆರೆಯ ಖಾಸಗಿ ಆಸ್ಪತ್ರೆಗಳಿಗೆ ಹೊನ್ನಾಳಿ, ಚನ್ನಗಿರಿ, ಜಗಳೂರಿನಿಂದಲೂ ಪಕ್ಕದ ಚಿತ್ರದುರ್ಗ ಜಿಲ್ಲೆಯಿಂದಲೂ ರೋಗಿಗಳು ಬರುತ್ತಾರೆ. ಅಡ್ವಾನ್ಸ್ ಕಟ್ಟಿ, ಉಳಿದದ್ದಕ್ಕೆ ಮುಚ್ಚಳಿಕೆ ಬರೆದುಕೊಟ್ಟು ಡಿಸ್ಚಾರ್ಜ್ ಆಗುವವರೂ ಇದ್ದಾರೆ. ವರ್ಷಗಳು ಕಳೆದ ಮೇಲೆ ವಕೀಲರ ನೋಟಿಸ್ ಬಂದರೆ ಗಾಬರಿಯಲ್ಲಿ ಉತ್ತರ ಬರೆಯಬೇಡಿ, ಹಣವನ್ನೂ ಕಟ್ಟಬೇಡಿ. ಮೊದಲು ಡಿಸ್ಚಾರ್ಜ್ ಸಮ್ಮರಿ, ಬಿಲ್, ರಸೀದಿ, ಬರೆದುಕೊಟ್ಟ ಕಾಗದ ಎಲ್ಲವನ್ನೂ ತೆಗೆದು ತಾರೀಕಿನ ಪ್ರಕಾರ ಜೋಡಿಸಿ.

ಮಾಡಿದ ಕೆಲಸದ ಹಣಕ್ಕೆ ದಾವೆ ಹೂಡಲು 1963ರ ಲಿಮಿಟೇಶನ್ ಕಾಯ್ದೆ ಕೊಟ್ಟಿರುವ ವಾಯಿದೆ, ಅಂದರೆ ಕಾಲಮಿತಿ, ಮೂರು ವರ್ಷ. ಹಣ ಕಟ್ಟುವ ದಿನ ಗೊತ್ತುಮಾಡಿರದಿದ್ದರೆ ಕೆಲಸ ಮುಗಿದ ದಿನದಿಂದ ಎಣಿಕೆ. ‘ಇಂಥ ದಿನ ಕೊಡುತ್ತೇನೆ’ ಎಂದು ಬರೆದುಕೊಟ್ಟಿದ್ದರೆ ಆ ದಿನ ತಪ್ಪಿದಾಗಿನಿಂದ. ಆಸ್ಪತ್ರೆ ಎಷ್ಟು ಸಲ ಫೋನ್ ಮಾಡಿತು, ಎಷ್ಟು ನೋಟಿಸ್ ಕಳಿಸಿತು ಎಂಬುದು ಲೆಕ್ಕಕ್ಕಿಲ್ಲ. ನೋಟಿಸ್ ಕಳಿಸಿದ ಮಾತ್ರಕ್ಕೆ ವಾಯಿದೆ ಬೆಳೆಯುವುದಿಲ್ಲ.

ಉದಾಹರಣೆಗೆ, ಬಿಲ್ 1,80,000 ರೂಪಾಯಿ, ಕಟ್ಟಿದ್ದು 60,000, ಡಿಸ್ಚಾರ್ಜ್ ಆದದ್ದು 2022ರ ಜೂನ್ 10. ಆರಂಭದ ದಿನವನ್ನು ಬಿಟ್ಟು ಎಣಿಸಬೇಕು. ಉಳಿದ 1,20,000ಕ್ಕೆ ದಾವೆ ಹೂಡಲು ಕೊನೆಯ ದಿನ 2025ರ ಜೂನ್ 10. ಕೊನೆಯ ದಿನ ಕೋರ್ಟಿಗೆ ರಜೆ ಇದ್ದರೆ ಮರಳಿ ತೆರೆಯುವ ದಿನದವರೆಗೆ ಅವಕಾಶ. ಕೊರೊನಾ ಕಾಲದ ಬಿಲ್ ಆದರೆ 2020ರ ಮಾರ್ಚ್ 15ರಿಂದ 2022ರ ಫೆಬ್ರವರಿ 28ರವರೆಗಿನ ಅವಧಿಯನ್ನು ಸುಪ್ರೀಂ ಕೋರ್ಟ್ ಲೆಕ್ಕದಿಂದ ಹೊರಗಿಟ್ಟಿದೆ.

ಹೆಚ್ಚಿನವರು ಎಡವುವುದು ಮುಂದಿನ ಹಂತದಲ್ಲಿ. ಮೂರು ವರ್ಷ ಮುಗಿಯುವ ಮೊದಲೇ ಬಾಕಿಯನ್ನು ಒಪ್ಪಿ ಬರೆದು ಸಹಿ ಹಾಕಿದರೆ, ಕಾಯ್ದೆಯ 18ನೇ ಕಲಮಿನಂತೆ ಆ ಸಹಿಯ ದಿನದಿಂದ ಮತ್ತೆ ಪೂರ್ತಿ ಮೂರು ವರ್ಷ ಶುರು. ಮೊತ್ತ ನಮೂದಿಸಿರಬೇಕೆಂದಿಲ್ಲ. ‘ಬಾಕಿ ಇರುವುದು ನಿಜ, ಆದರೆ ಕೊಡುವುದಿಲ್ಲ’ ಎಂದು ಸಿಟ್ಟಿನಲ್ಲಿ ಬರೆದರೂ ಅದು ಒಪ್ಪಿಗೆಯೇ. ಐನೂರು, ಸಾವಿರ ಕಟ್ಟಿದರೂ ವಾಯಿದೆ ಹೊಸದಾಗಬಹುದು. ಆದರೆ ಕಟ್ಟಿದ್ದಕ್ಕೆ ಕಟ್ಟಿದವರದೇ ಕೈಬರಹ ಅಥವಾ ಸಹಿ ಇರಬೇಕೆಂದು 19ನೇ ಕಲಮು ಹೇಳುತ್ತದೆ. ಚೆಕ್ಕಿನಲ್ಲಿ ನಿಮ್ಮ ಸಹಿ ಇದ್ದೇ ಇರುತ್ತದೆ. ನಗದು ಕಟ್ಟಿ ಆಸ್ಪತ್ರೆಯವರು ಸಹಿ ಮಾಡಿದ ರಸೀದಿ ಮಾತ್ರ ಪಡೆದಿದ್ದರೆ ವಾದಕ್ಕೆ ಜಾಗವಿದೆ, ಆ ರಸೀದಿಯನ್ನು ಜೋಪಾನವಾಗಿಡಿ.

ಮೂರು ವರ್ಷ ಮುಗಿದಿದ್ದರೆ ಕೋರ್ಟಿನ ದಾರಿ ಮುಚ್ಚುತ್ತದೆ, ಸಾಲ ಮಾತ್ರ ಅಳಿಯುವುದಿಲ್ಲ. ಮನಸ್ಸೊಪ್ಪಿ ಕೊಟ್ಟರೆ ಆ ಹಣ ವಾಪಸ್ ಕೇಳಲಾಗದು. ವಾಯಿದೆ ಮೀರಿದ ಮೇಲೂ ‘ಕೊಡುತ್ತೇನೆ’ ಎಂದು ಬರೆದು ಸಹಿ ಹಾಕಿದರೆ, 1872ರ ಕರಾರು ಕಾಯ್ದೆಯ 25(3)ರಂತೆ ಅದು ಹೊಸ ಕರಾರು. ವಸೂಲಿಗೆ ಬಂದವರು ಚಾಚುವ ಹಾಳೆಯನ್ನು ಓದದೆ ಮುಟ್ಟಬೇಡಿ. ಮನೆಗೆ ಬಂದು ಬೆದರಿಸಿದರೆ ಪೊಲೀಸರಿಗೆ ದೂರು ಕೊಡಿ.

ಸಮನ್ಸ್ ಬಂದರೆ ವಾಯಿದೆ ಮುಗಿದಿದೆ ಎಂದು ಮನೆಯಲ್ಲಿ ಕೂರಬೇಡಿ. ವಾಯಿದೆ ಮೀರಿದ ದಾವೆಯನ್ನು ಕೋರ್ಟ್ ತಾನಾಗಿಯೇ ವಜಾ ಮಾಡಬೇಕು, ನಿಜ. ಆದರೆ ನೀವು ಸಹಿ ಹಾಕಿದ್ದೀರೆಂದು ಯಾವುದೋ ಕಾಗದ ಹಾಜರಾದರೆ ಅಲ್ಲಗಳೆಯಲು ಯಾರೂ ಇರುವುದಿಲ್ಲ. ಸಮನ್ಸ್ ಕೈಸೇರಿದ 30 ದಿನದೊಳಗೆ ತಕರಾರು (ಲಿಖಿತ ಉತ್ತರ) ಸಲ್ಲಿಸಿ, ಕಾಲಮಿತಿಯ ವಿಷಯವನ್ನು ತಾರೀಕು ಸಮೇತ ಅದರಲ್ಲಿ ಬರೆಸಿ. ನೀವು ಹಾಜರಾಗದೆ ಏಕಪಕ್ಷೀಯ ಡಿಕ್ರಿ (ಹಣ ಕೊಡಬೇಕೆಂಬ ಕೋರ್ಟಿನ ತೀರ್ಪು) ಆಯಿತೆಂದರೆ ಅದರ ಅಮಲ್ಜಾರಿಗೆ, ಅಂದರೆ ವಸೂಲಿಗೆ, 12 ವರ್ಷ ಇರುತ್ತದೆ.

ಚೆಕ್ ಬೌನ್ಸ್ ಪ್ರಕರಣದ ಲೆಕ್ಕವೇ ಬೇರೆ: ಬೌನ್ಸ್ ನೋಟಿಸ್ ಕೈಗೆ ಸೇರಿದ ಮೇಲೆ ಹಣ ಕಟ್ಟಲು 15 ದಿನ ಮಾತ್ರ. ಸರ್ಕಾರವೇ ಹೂಡುವ ದಾವೆಗಾದರೆ ಕಾಲಮಿತಿ 30 ವರ್ಷ. ರೋಗಿ ತೀರಿಕೊಂಡಿದ್ದರೆ, ತಾವಾಗಿ ಸಹಿ ಹಾಕಿರದ ವಾರಸುದಾರರ ಹೊಣೆ ಬಂದ ಆಸ್ತಿಯಷ್ಟಕ್ಕೇ. ಲೋಕ ಅದಾಲತ್‌ನಲ್ಲಿ ರಾಜಿಗೆ ಒಪ್ಪುವ ಮುನ್ನವೂ ತಾರೀಕು ನೋಡಿ. ಅಲ್ಲಿನ ರಾಜಿ ಡಿಕ್ರಿಗೆ ಸಮ, ಮೇಲ್ಮನವಿ ಇಲ್ಲ.

ವಕೀಲರ ಫೀಸು ಭರಿಸಲಾಗದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟಿದ್ದರೂ ವಕೀಲರ ನೆರವು ಉಚಿತ. ಸಹಾಯವಾಣಿ 15100. ಹೋಗುವಾಗ ಜೋಡಿಸಿಟ್ಟ ಕಾಗದಗಳ ಜೊತೆ ನೋಟಿಸ್ ಬಂದ ಲಕೋಟೆಯನ್ನೂ ಒಯ್ಯಿರಿ. ಅಂಚೆ ಮುದ್ರೆಯ ತಾರೀಕು ಇರುವುದು ಅದರ ಮೇಲೆ.